ಹಲಗಲಿಯ ಬೆಂಕಿಗೆ ಚಪ್ಪಾಳೆ ಹೊಡೆಸಿದ ಅಧ್ಯಕ್ಷರಿಗೆ

ಶಾಲಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಅತ್ತೆ ರುದ್ರಮ್ಮನವರು ತುಂಬಿದ ಸಭೆಯಲ್ಲಿ ಕನ್ನಡದಲ್ಲಿ ಹೇಳಿದ ಸಾವಿನ ಕಥೆಯನ್ನು ನೀವು ಇಂಗ್ಲಿಷಿನಲ್ಲಿ ನಿಮ್ಮ ಶಾಲೆಯ ಗುಣಗಾನ ಮಾಡಿಬಿಟ್ಟಿರಿ. ಈ ಪತ್ರ ಅದಕ್ಕಾಗಿ. ಇದನ್ನು ಕನ್ನಡದಲ್ಲೇ ಬರೆದು ಶಿಕಾಗೋದ ಕನ್ನಡ ಕೂಟದ ಪತ್ರಿಕೆಗೆ ಕೊಡುತ್ತಿದ್ದೇನೆ. ಓದುವವರಿಗೆ ನಿಮ್ಮ ಅನುವಾದದ ಹಂಗು ಬೇಡ, ನೋಡಿ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನನ್ನ ಮಗಳು ಐಶ್ವರ್ಯಳ ತರಗತಿಯಲ್ಲಿ ಹತ್ತೊಂಬತ್ತನೇ ಶತಮಾನದ ಸಾಮ್ರಾಜ್ಯಗಳ ಪಾಠವನ್ನು ಆಟವಾಗಿ ಕಲಿಸಿದರು. ಒಂದು ಗುಂಪು ಬ್ರಿಟನ್, ಒಂದು ಫ್ರಾನ್ಸ್, ಇನ್ನೊಂದು ಜರ್ಮನಿ. ಮೇಜಿನ ಮೇಲೆ ಏಷ್ಯಾ, ಆಫ್ರಿಕಾಗಳ ನಕ್ಷೆ. ಯಾರು ಹೆಚ್ಚು ನೆಲ ದೋಚುತ್ತಾರೋ ಅವರಿಗೆ ಪಿಜ್ಜಾ. ಐಶ್ವರ್ಯ ಬ್ರಿಟನ್ ಆಗಿ ಗೆದ್ದು ಬಂದು, "ಅಜ್ಜಿ, ವಿ ಗಾಟ್ ಆಲ್ ಆಫ್ ಇಂಡಿಯಾ!" ಎಂದಳು. ಅತ್ತೆ ಬಿಡಿಸುತ್ತಿದ್ದ ಅವರೆಕಾಯಿಯನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದರು. ಆ ಹೊತ್ತಿನ ಊಟವನ್ನೂ ಮಾಡಲಿಲ್ಲ.

ಅದಾದ ಕೆಲವು ದಿನಕ್ಕೆ ನೀವು ಶಾಲಾ ಮಂಡಳಿಯ ಚುನಾವಣೆಗೆ ಮತ ಕೇಳಲು ನಮ್ಮ ಮನೆಗೆ ಬಂದಿರಿ. ರೊಟ್ಟಿ, ಎಣ್ಣೆಗಾಯಿ ಉಂಡಿರಿ. ಅತ್ತೆಯ ಸಂಕಟ ಕೇಳಿ ನಿಮ್ಮ ಮೈಸೂರು ಕನ್ನಡದಲ್ಲಿ ಅಂದಿರಿ: "ಆಂಟಿ, ಈ ಗೇಮ್ ನಾನು ನಿಲ್ಲಿಸ್ತೀನಿ. ಮೀಟಿಂಗಿಗೆ ಬಂದು ನೀವೇ ಹೇಳಿ. ನಾನೇ ಪಕ್ಕದಲ್ಲಿ ನಿಂತು ಟ್ರಾನ್ಸ್‌ಲೇಟ್ ಮಾಡ್ತೀನಿ." ಅತ್ತೆ ನಿಮ್ಮನ್ನು "ತಮ್ಮಾ" ಎಂದು ಕರೆದರು. ಮನೆಯವರೆಲ್ಲ ನಿಮಗೇ ಮತ ಹಾಕಿದೆವು. ನೀವು ಗೆದ್ದು ಅಧ್ಯಕ್ಷರಾದಿರಿ.

ಸಭೆಯ ದಿನ ಅತ್ತೆ ಇಳಕಲ್ ಸೀರೆ ಉಟ್ಟು ಮೈಕಿನ ಮುಂದೆ ನಿಂತರು. ಅವರು ಆಡಿದ ಮಾತು ಇಷ್ಟು: "ನಮ್ಮ ಅಜ್ಜಿಯ ಅಜ್ಜಿ ಹಲಗಲಿಯಾಕಿ. ಆಕಿ ಸಣ್ಣಾಕಿ ಇದ್ದಾಗ ಇಂಗ್ರೇಜರು ಊರಾಗಿನ ಆಯುಧ ಎಲ್ಲಾ ಒಪ್ಪಿಸ್ರಿ ಅಂದ್ರು. ಊರವರು ಕೊಡಲಿಲ್ಲ. ಫೌಜು ಬಂದು ಊರಿಗೆ ಬೆಂಕಿ ಹಚ್ಚಿತು. ಆಕಿ ಓಡಿ ಹೊರಗ ಬಂದಳು. ತಮ್ಮ ತೊಟ್ಟಿಲದಾಗ ಇದ್ದ. ತಿರುಗಿ ಒಳಗ ಹೋಗಾಕ ಆಗಲಿಲ್ಲ. ಆ ಊರು ಗೆದ್ದಿದ್ದಕ್ಕ ನನ್ನ ಮೊಮ್ಮಗಳಿಗೆ ಬಹುಮಾನ ಕೊಡಬ್ಯಾಡ್ರಿ."

ನೀವು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ್ದು: ಈ ಹಿರಿಯರ ಪೂರ್ವಿಕರು ಬ್ರಿಟಿಷರ ಕಾಲದಲ್ಲಿ ಕಷ್ಟ ಕಂಡವರು; ಮೊಮ್ಮಗಳು ಇಂಥ ಒಳ್ಳೆಯ ಶಾಲೆಯಲ್ಲಿ ಇತಿಹಾಸ ಕಲಿಯುತ್ತಿರುವುದು ಅವರಿಗೆ ಹೆಮ್ಮೆ ತಂದಿದೆ.

ಸಭೆ ಚಪ್ಪಾಳೆ ತಟ್ಟಿತು. ತಮ್ಮ ದುಃಖ ಇವರಿಗೆ ಮುಟ್ಟಿತೆಂದು ತಿಳಿದು ಅತ್ತೆ ಎರಡೂ ಕೈ ಜೋಡಿಸಿ ಎಲ್ಲರಿಗೂ ನಮಸ್ಕರಿಸಿದರು. ಅಧ್ಯಕ್ಷರೇ, ಆ ಜೋಡಿಸಿದ ಕೈಗಳನ್ನು ನೀವೂ ನೋಡಿದಿರಿ. ನಿದ್ದೆ ಬರುತ್ತದೆಯೇ?

"ದಟ್ಸ್ ನಾಟ್ ವಾಟ್ ಶಿ ಸೆಡ್!" ಎಂದು ಐಶ್ವರ್ಯ ಎದ್ದು ಕೂಗಿದಳು. ನೀವು ಸಮಯ ಮುಗಿಯಿತೆಂದು ಸುತ್ತಿಗೆ ಕುಟ್ಟಿ ಮುಂದಿನವರನ್ನು ಕರೆದಿರಿ. ಅದೇ ಸಭೆಯಲ್ಲಿ ಆಟವನ್ನು ಮುಂದಿನ ವರ್ಷಕ್ಕೂ ಸರ್ವಾನುಮತದಿಂದ ಉಳಿಸಿಕೊಂಡಿರಿ. ಆ ಸರ್ವರಲ್ಲಿ ನೀವೂ ಒಬ್ಬರು.

ಪಾರ್ಕಿಂಗ್ ಲಾಟಿನಲ್ಲಿ ನಾನು ನಿಮ್ಮನ್ನು ತಡೆದು ಕೇಳಿದಾಗ, "ನೀಲಾಂಬಿಕಾ ಅವ್ರೇ, ಅಷ್ಟು ಹೆವಿಯಾಗಿ ಹೇಳಿದ್ರೆ ಜನ ಡಿಫೆನ್ಸಿವ್ ಆಗ್ತಾರೆ. ಸ್ವಲ್ಪ ಸ್ಮೂತ್ ಮಾಡಿದೆ ಅಷ್ಟೆ," ಎಂದು ಕಾರಿನ ಬಾಗಿಲು ಎಳೆದುಕೊಂಡಿರಿ. ಎಂಥ ನಯ! ಬರ್ಲಿನ್ನಿನಲ್ಲಿ ಯುರೋಪಿನ ದೊರೆಗಳು ಆಫ್ರಿಕಾವನ್ನು ಹಂಚಿಕೊಳ್ಳಲು ಕೂತಾಗ ಆ ಮೇಜಿನಲ್ಲಿ ಒಬ್ಬ ಆಫ್ರಿಕನ್ನನೂ ಇರಲಿಲ್ಲ. ಅವರದು ಸರಳ ಕ್ರೌರ್ಯ. ನೀವು ನಮ್ಮ ಮುದುಕಿಯನ್ನು ಕೈಹಿಡಿದು ಕರೆತಂದು, ಮೈಕು ಕೊಟ್ಟು, ಆಮೇಲೆ ಬಾಯಿ ಕಿತ್ತುಕೊಂಡಿರಿ. ಆ ದೊರೆಗಳ ಬಳಿಯೂ ದುಭಾಷಿಗಳಿದ್ದರು. ಅವರಿಗಾದರೂ ಸಂಬಳದ ಹೆದರಿಕೆಯಿತ್ತು. ನಿಮಗೆ ಯಾವುದರ ಹೆದರಿಕೆ ಸ್ವಾಮೀ?

ಮನೆಗೆ ಬಂದ ಮೇಲೆ ಅತ್ತೆ, "ಏನಂದ್ರವಾ ಅವರು? ಆಟ ನಿಲ್ಲಿಸ್ತಾರಂತೇನು?" ಎಂದು ಕೇಳಿದರು. ಸುಳ್ಳು ಹೇಳುವ ಆಸೆಯಾಯಿತು. ಆದರೆ ಆ ದಿನಕ್ಕೆ ಒಂದು ಸುಳ್ಳು ಸಾಕಾಗಿತ್ತು, ಇದ್ದದ್ದನ್ನೇ ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡು ಅಂದರು: "ಬಿಳಿಯಾಂವ ಹಿಂಗ ಮಾಡಿದ್ರ ನಾ ಅಳತಿದ್ದಿಲ್ಲವಾ. ಅಂವ ನಮ್ಮ ಮಾತು ಬಲ್ಲಾಂವ."

ನಮ್ಮ ಬೇಡಿಕೆ ದೊಡ್ಡದಲ್ಲ. ಸಾಮ್ರಾಜ್ಯಗಳ ಪಾಠ ಇರಲಿ, ಇನ್ನೂ ವಿವರವಾಗಿಯೇ ಇರಲಿ. ಬಹುಮಾನದ ಆಟ ಹೋಗಲಿ. ಮುಂದಿನ ಸಭೆಯಲ್ಲಿ, "ನಾನು ತಪ್ಪಾಗಿ ಅನುವಾದಿಸಿದೆ" ಎಂದು ನೀವು ಇಂಗ್ಲಿಷಿನಲ್ಲಿ ಒಪ್ಪಿಕೊಳ್ಳಿ. ಸ್ಮೂತ್ ಮಾಡದೆ.

ಒಪ್ಪದಿದ್ದರೂ ಅತ್ತೆ ಬರುತ್ತಾರೆ. ಮೈಕಿಗೆ ಅವರ ಹೆಸರು ಕೊಟ್ಟಾಗಿದೆ. ಈ ವಾರವೆಲ್ಲ ಐಶ್ವರ್ಯ ಶಾಲೆಯಿಂದ ಬಂದವಳೇ ಅಜ್ಜಿಯ ಮಗ್ಗುಲಲ್ಲಿ ಕೂತು, "ಫೌಜು ಅಂದ್ರೆ ಆರ್ಮಿ, ರೈಟ್? ತೊಟ್ಟಿಲ ಅಂದ್ರೆ?" ಎಂದು ಒಂದೊಂದೇ ಮಾತು ಕೇಳಿ ಕಲಿಯುತ್ತಿದ್ದಾಳೆ. ನೀವು ಪಕ್ಕದಲ್ಲಿ ನಿಲ್ಲುವ ತೊಂದರೆ ತೆಗೆದುಕೊಳ್ಳಬೇಡಿ. ಕೂತು ಕೇಳಿಸಿಕೊಳ್ಳಿ.

ಇಂತಿ,
ನೀವು ನಮ್ಮವರೆಂದು ನಂಬಿ ಮನೆಮನೆಗೆ ಹೋಗಿ ನಿಮಗಾಗಿ ಮತ ಕೇಳಿದ್ದ
ನೀಲಾಂಬಿಕಾ
ಶಿಕಾಗೋದ ಪಶ್ಚಿಮ ಉಪನಗರ