ಬುಟ್ಟಿಯಲ್ಲಿ ಉಳಿದ ರಬ್ಬರ್

ಮಾರ್ಚ್ 4, ಮಂಗಳವಾರ. ಸಂಜೆ 6.20

ನಾವು ಅಳೆಯುವ ಫ್ರಿಜ್ ಒಂದು, ಮಾರುವ ಫ್ರಿಜ್ ಇನ್ನೊಂದು. ಇದು ಮೋಸ. ಎರಡು ವರ್ಷದಿಂದ ನಡೆದಿದೆ — ನನ್ನ ಕೈಯಿಂದಲೇ.

ಬೆಳಿಗ್ಗೆ ಎಂದಿನಂತೆ ಬಾಗಿಲ ರಬ್ಬರ್ ಆರಿಸುತ್ತಿದ್ದೆ. ಅಂಚಿಗೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯುವುದು. ಸಲೀಸಾಗಿ ಬಂದರೆ ತಂಪು ಸೋರುತ್ತದೆ. ಬಿಗಿಯಾಗಿ ಹಿಡಿದರೆ ಒಳ್ಳೆಯದು. ಬುಟ್ಟಿಗೆ ಮೂರು ಒಳ್ಳೆಯವು ಸಿಕ್ಕರೆ ಹೆಚ್ಚು. ಆ ಮೂರನ್ನು ಹಾಕಿದ ಫ್ರಿಜ್‌ಗಳನ್ನೇ ಮೂವತ್ತೆರಡು ಡಿಗ್ರಿಯ ಕೋಣೆಯಲ್ಲಿಟ್ಟು ಎಷ್ಟು ವಿದ್ಯುತ್ ತಿನ್ನುತ್ತವೆಂದು ಅಳೆಯುತ್ತೇವೆ. ವರದಿಗೆ ಎರಡು ಸಹಿ: ನನ್ನದು, ನಮ್ಮ ವಿಭಾಗದ ಹಿರಿಯರಾದ ಮೇಷ್ಟ್ರದು. ಲೇಬಲ್ ಮೇಲಿನ ಅಂಕಿ ಅದೇ.

ಉಳಿದ ರಬ್ಬರಿನ ಬುಟ್ಟಿ ಒಯ್ಯುವವನು ಇವತ್ತು ರಜೆ. ನಾನೇ ಹೊತ್ತುಕೊಂಡು ಹೋಗಿ ಪ್ಯಾಕಿಂಗ್‌ನವನನ್ನು ಕೇಳಿದೆ, ಎಲ್ಲಿ ಎಸೆಯಲಿ ಅಂತ.

"ಎಸೆಯೋದಾ? ಚೆನ್ನಾಗಿ ಹೇಳಿದ್ರಿ. ಇವೇ ತಾನೇ ಮಾರೋ ಫ್ರಿಜ್‌ಗಳ ಲೈನಿಗೆ ಹೋಗೋದು!"

ನಕ್ಕ. ನಾನೂ ನಕ್ಕೆ... ಯಾಕೆ ನಕ್ಕೆ?

ಮಾರ್ಚ್ 5

ರೂಮಿನ ಗೋಡೆಗೆ ಅಂಟಿಸಿದ ಕರಪತ್ರವನ್ನು ಮತ್ತೆ ಓದಿದೆ. "ಯಂತ್ರ ಜೀವಮಾನವಿಡೀ ಎಷ್ಟು ವಿದ್ಯುತ್ ತಿನ್ನಬೇಕೆಂಬುದು ಅದರ ನಕ್ಷೆ ಬರೆಯುವಾಗಲೇ ನಿಶ್ಚಯವಾಗುತ್ತದೆ." ಅದಕ್ಕೇ ಸರ್ಕಾರದ ಈ ನಿಯಮ. ವರ್ಷಕ್ಕೆ ಇಷ್ಟೇ ಯೂನಿಟ್, ಹತ್ತು ವರ್ಷ ಬಿಡಿಭಾಗ ಸಿಗಬೇಕು, ರಬ್ಬರನ್ನು ಮನೆಯಲ್ಲೇ ಬದಲಿಸುವಂತಿರಬೇಕು. ಇದನ್ನು ಓದಿಯೇ ಈ ಕೆಲಸಕ್ಕೆ ಸೇರಿದ್ದು. ಆರಿಸುವುದೇ ಶ್ರದ್ಧೆ ಅಂದುಕೊಂಡಿದ್ದೆ. ಶ್ರದ್ಧೆ ಹೆಚ್ಚಾದಷ್ಟೂ ಸುಳ್ಳು ನುಣುಪಾಯಿತು.

ಹೇಳಿಕೊಳ್ಳಲು ರೂಮಿನಲ್ಲಿ ಯಾರೂ ಇಲ್ಲ. ಕರಪತ್ರಕ್ಕೆ ಕಿವಿಯಿಲ್ಲ.

ಮಾರ್ಚ್ 9, ಭಾನುವಾರ. ಅಕ್ಕನ ಮನೆ

ನನ್ನ ಮಾತು ನಂಬಿ ಅಕ್ಕ ಕೊಂಡದ್ದು ನಮ್ಮದೇ ಫ್ರಿಜ್. ನಿನ್ನೆ ಮೀಟರ್ ಸಿಕ್ಕಿಸಿ, ಇಪ್ಪತ್ತನಾಲ್ಕು ಗಂಟೆ ಬಾಗಿಲು ತೆಗೆಯಬೇಡಿ ಅಂದೆ.

ಭಾವ: "ಏನಮ್ಮಾ, ಫ್ರಿಜ್‌ಗೆ ಉಪವಾಸವೋ, ನಮಗೋ?"

ಅಕ್ಕ ನಗಲಿಲ್ಲ. "ನಾಲ್ಕು ತಿಂಗಳಾದ್ಮೇಲೆ ಬಂದಿದ್ದೀಯ. ಬಂದವಳು ಅದರ ಮುಂದೇ ಕೂತಿದ್ದೀಯ. ನಮ್ಮನ್ನ ನೋಡೋಕೆ ಬಂದ್ಯೋ, ಅದನ್ನೋ?"

ನಾನು ಥರ್ಮಾಮೀಟರ್ ನೋಡುತ್ತಿದ್ದೆ.

ನಮ್ಮ ಕೋಣೆಯಲ್ಲಿ ದಿನಕ್ಕೆ ಮುಕ್ಕಾಲು ಯೂನಿಟ್. ಇಲ್ಲಿ ಒಂದೂಕಾಲು. ಅಡುಗೆಮನೆ ಬರೀ ಇಪ್ಪತ್ತನಾಲ್ಕು ಡಿಗ್ರಿ — ಇನ್ನೂ ಕಡಿಮೆ ತಿನ್ನಬೇಕಿತ್ತು! ಕಾಗದದ ಪಟ್ಟಿ ಇಟ್ಟು ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು.

ಹೊರಡುವಾಗ ಅಕ್ಕ ಬಾಗಿಲವರೆಗೂ ಬರಲಿಲ್ಲ.

ಮಾರ್ಚ್ 11

ಮೇಷ್ಟ್ರಿಗೆ ಹೇಳಿದೆ. ನನಗೆ ಮೀಟರ್ ಹಿಡಿಯುವುದನ್ನು ಕಲಿಸಿದವರು. ಇಡೀ ಕಾರ್ಖಾನೆಗೇ ಅವರು ಮೇಷ್ಟ್ರು. ಎರಡು ವರ್ಷದಿಂದ ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ. ಇಲ್ಲಿ ನನ್ನ ಜೊತೆ ಊಟ ಮಾಡುವವರು ಅವರೊಬ್ಬರೇ.

"ನಿಮಗೆ ಗೊತ್ತಿತ್ತಾ?"

ಡಬ್ಬಿ ಮುಚ್ಚಿದರು. "ಹೆಣ್ಣು ನೋಡೋಕೆ ಬಂದವರ ಮುಂದೆ ಹರಿದ ಸೀರೆ ಉಡಿಸ್ತಾರೇನಮ್ಮ?"

"ಇದು ಮದುವೆಯಲ್ಲ ಮೇಷ್ಟ್ರೇ. ಲಕ್ಷ ಮನೆಯಲ್ಲಿ ಹಗಲೂ ರಾತ್ರಿ ಓಡೋ ಯಂತ್ರ."

"ನಂಗಿನ್ನು ಏಳು ತಿಂಗಳು ಸರ್ವೀಸು. ನನ್ನ ಸಹಿ ಮೇಲೆ ಕೈ ಹಾಕಬೇಡ, ಮಗಳೇ."

ಎದ್ದು ಹೋದರು. 'ಮಗಳೇ' ಅಂದದ್ದು ಇದೇ ಮೊದಲು.

ಮಾರ್ಚ್ 24, ಸೋಮವಾರ

ಹದಿಮೂರು ದಿನವಾಯಿತು, ಮೇಷ್ಟ್ರು ಬೇರೆ ಮೇಜಿಗೆ ಹೋಗಿ. ನಾನು ಗೋಡೆ ನೋಡಿಕೊಂಡು ಉಣ್ಣುತ್ತೇನೆ. ಗೋಡೆಯಲ್ಲಿ ನಾಲ್ಕು ಮೊಳೆಗಳಿವೆ. ಒಂದು ಸೊಟ್ಟ.

ನಿಯಮ ಜಾರಿಯ ಕಚೇರಿಗೆ ಫೋನ್ ಮಾಡಿದೆ. ಅಧಿಕಾರಿ ಹೆಂಗಸು, ಗಡಸು ದನಿ. "ಒಬ್ಬರು ಹೇಳಿದ್ರೆ ಅದು ದೂರು ಕಣಮ್ಮ, ಸರದಿಯಲ್ಲಿ ಕೂರತ್ತೆ. ವರದಿಗೆ ಸಹಿ ಹಾಕಿದ ಇಬ್ಬರೂ ಬಂದು ಹೇಳಿ. ಮಾರನೇ ದಿನವೇ ಅಂಗಡಿಯಿಂದ ಫ್ರಿಜ್ ಎತ್ತಿಸಿ ಅಳೆಸ್ತೀನಿ. ಬುಧವಾರ ಮಾತ್ರ ಸಿಗ್ತೀನಿ."

ಆ ಮಾತನ್ನು ಒಂದು ಚೀಟಿಯಲ್ಲಿ ಬರೆದು ಮೇಷ್ಟ್ರ ಮೇಜಿನ ಮೇಲಿಟ್ಟೆ. ಅದರ ಮೇಲೆ ಟೀ ಲೋಟ ಇಟ್ಟರು.

ಮಾರ್ಚ್ 26, ಬುಧವಾರ

ಮೇಷ್ಟ್ರು ಆ ಕಚೇರಿಗಲ್ಲ, ಕೆಲಸಕ್ಕೆ ಬಂದಿದ್ದರು. ನಾನೂ.

ಮಾರ್ಚ್ 31, ಸೋಮವಾರ. ಮಧ್ಯಾಹ್ನ 1.40

ಹೊಸ ಮಾಡೆಲ್. ಹೊಸ ಬುಟ್ಟಿ. ಆರಿಸಲಿಲ್ಲ. ಕಣ್ಣು ಮುಚ್ಚಿ ಕೈಗೆ ಸಿಕ್ಕ ಮೂರು ರಬ್ಬರ್ ತೆಗೆದು ಹಾಕಿದೆ. ಮೇಷ್ಟ್ರು ನಿಂತು ನೋಡಿದರು. ಬಯ್ಯುತ್ತಾರೆ, ತೆಗೆಸುತ್ತಾರೆ ಅಂತ ಕಾದೆ. ಕನ್ನಡಕ ಒರೆಸಿಕೊಂಡು ಹೋದರು.

ಊಟ ಮುಗಿಸಿ ಬಂದು ನೋಡಿದರೆ ಮೂರನೇ ಫ್ರಿಜ್‌ನ ಬಾಗಿಲಲ್ಲಿ ಕಾಗದದ ಪಟ್ಟಿ. ನಾನು ಸಿಕ್ಕಿಸಿದ್ದಲ್ಲ. ಚೀಟಿಯ ಚೂರು... ಟೀ ಲೋಟದ ಕಂದು ಉಂಗುರ ಅರ್ಧ ಉಳಿದಿದೆ.

ಎಳೆದೆ. ಸಲೀಸಾಗಿ ಬಂತು.

ಹಿಂಬದಿಯಲ್ಲಿ ಮೇಷ್ಟ್ರ ದುಂಡು ಅಕ್ಷರ: ನಾಡಿದ್ದು ಬುಧವಾರ, ಬೆಳಿಗ್ಗೆ ಹತ್ತು. ಆ ಅಧಿಕಾರಿಯ ಕಚೇರಿ ಮೆಟ್ಟಿಲ ಹತ್ತಿರ —