ಖಾಲಿ ಬಂಗಲೆಯ ಮಾತುಕತೆ

೧೪ ನವೆಂಬರ್ ೧೯೯೮, ಶನಿವಾರ

ದೇಶದ ಶ್ರೀಮಂತ ಬಡಾವಣೆಗಳೆಲ್ಲ ಮುಂಬಯಿ, ದಿಲ್ಲಿಯಲ್ಲಿವೆಯಂತೆ, ಪೇಪರಿನಲ್ಲಿ ಬಂದಿದೆ. ಬೈಲಹೊಂಗಲದ ಸಾವುಕಾರರ ಬಡಾವಣೆಯನ್ನು ಪೇಪರಿನವರು ಕಂಡಿಲ್ಲ. ಸಾಲು ಸಾಲು ಬಂಗಲೆಗಳಿವೆ, ಮನುಷ್ಯರಿಲ್ಲ. ಮಾಲೀಕರೆಲ್ಲ ಇನ್ನೂ ಪೇಟೆಯ ಹಳೆ ಮನೆಗಳಲ್ಲೇ ಇದ್ದಾರೆ. ಮಾತಿಲ್ಲದ ಮನೆಗೆ ಬೇರೇನೋ ಬಂದು ಸೇರುತ್ತದೆಂದು ವೀರಪ್ಪ ಸಾವುಕಾರರು ತಮ್ಮ ಹೊಸ ಬಂಗಲೆಯಲ್ಲಿ ದಿನಾ ಸಂಜೆ ದೀಪ ಹಚ್ಚಿ ಮಾತಾಡಲು ನನ್ನನ್ನು ಇಟ್ಟಿದ್ದಾರೆ. ನಾಟಕದ ಗಂಟಲು ನನ್ನದು. ಮಾವ, ಅತ್ತೆ, ಮಗ, ಸೊಸೆ, ಎಲ್ಲ ದನಿಯೂ ನಾನೇ.

ಇಂದು ಹೊರಬಂದಾಗ ಎದುರು ಬಂಗಲೆಯ ಕಾವಲುಗಾರ ಲಗಮಪ್ಪ ನಕ್ಕ: “ಮಾಸ್ತರ, ಸೊಸಿ ದನಿ ಅಷ್ಟಕ್ಕಷ್ಟ. ಆದ್ರ ಮ್ಯಾಲಿನ ಖೋಲ್ಯಾಗ ಕೂಸಿನ ಅಳು ತಗದ್ರಲ್ಲ, ಖರೇ ಕೂಸ ಅತ್ತಂಗಿತ್ತ ನೋಡ್ರಿ.”

ನಾನು ಮೆಟ್ಟಿಲೇ ಏರಿರಲಿಲ್ಲ. ಕೂಸಿನ ಅಳು ನನಗೆ ಬರುವುದೂ ಇಲ್ಲ.

ನಾಳೆ ಸಾವುಕಾರರ ಸೊಸೆ ಹಸುಗೂಸಿನೊಂದಿಗೆ ಅದೇ ಕೋಣೆಗೆ ಬರುತ್ತಾಳೆ. ಅಷ್ಟರೊಳಗೆ ಹೋಗಿ ಹೇಳಬೇಕು. ಏನೆಂದು ಹೇಳಲಿ? ಸಾವುಕಾರರೇ, ಆ ಮನೆಯಲ್ಲಿ ಆಗಲೇ ಒಂದು ಕೂಸು ಇದೆ ಎಂದೇ?