ನೀನು ನಿಲ್ಲಿಸಿದ ಪುಟ

ಅಕ್ಕಾ,

"ನೀನು ಮುಂದೆ ನಡೆ, ನಾನು ಬರುತ್ತೇನೆ." ನಿನಗೆ ಇಷ್ಟವಾಗಿದ್ದ ಆ ಕಪ್ಪು-ಬಿಳುಪು ಫ್ರೆಂಚ್ ಸಿನಿಮಾದಲ್ಲಿ ಮುದುಕ ಹೆಂಡತಿಗೆ ಹೇಳುವ ಮಾತು ಇದೇ ತಾನೇ? ಅಥವಾ ಹೆಂಡತಿಯೇ ಅವನಿಗೆ ಹೇಳಿದ್ದೇ? ಕೇಳೋಣವೆಂದರೆ ನೀನಿಲ್ಲ.

ಕಾಗದದ ವಾಸನೆಯಿಲ್ಲದೆ ನಾನು ಓದಲಾರೆ ಎಂದು ಹಟ ಹಿಡಿದಾಗ, "ವಾಸನೆ ಬೇಕಾದ್ರೆ ಹಳೇ ಪೇಪರ್ ಮೂಸ್ಕೊಳೇ, ಮೊದಲು ಕಣ್ಣು ಉಳಿಸ್ಕೋ" ಎಂದು ಬೈದು ನೀನೇ ಇ-ರೀಡರ್ ಕೊಡಿಸಿದೆ. ಇಬ್ಬರ ರೀಡರಿಗೂ ಒಂದೇ ಖಾತೆ. ನೀನು ಆಸ್ಪತ್ರೆಯಲ್ಲಿ ಅರ್ಧಕ್ಕೆ ನಿಲ್ಲಿಸಿದ ಕಾದಂಬರಿಯನ್ನು ನಾನು ತೆರೆದಾಗಲೆಲ್ಲ ನನ್ನ ರೀಡರ್ ಕೇಳುತ್ತಿತ್ತು: "ಇನ್ನೊಂದು ರೀಡರಿನಲ್ಲಿ ಓದಿದ ಅತಿ ಮುಂದಿನ ಪುಟಕ್ಕೆ ಹೋಗಬೇಕೆ?" ಅದು ನಿನ್ನ ಪುಟ. ಬೇಡ ಎಂದು ಒತ್ತಿ, ನಿನಗಿಂತ ಎಷ್ಟೋ ಪುಟ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಓದುತ್ತಿದ್ದೆ. ಅಷ್ಟು ಹೊತ್ತು ನೀನು ನನಗಿಂತ ಮುಂದಿರುತ್ತಿದ್ದೆ.

ಇವತ್ತು ಸಂಜೆ ಕತೆಯಲ್ಲಿ ಮೈಮರೆತೆ. ಚಹಾ ಆರಿದ್ದೂ ಗೊತ್ತಾಗಲಿಲ್ಲ. ಎಚ್ಚೆತ್ತು ಹಿಂದಿನ ಅಧ್ಯಾಯಕ್ಕೆ ಮರಳಿದೆ, ಪುಸ್ತಕ ಮುಚ್ಚಿ ಮತ್ತೆ ತೆರೆದೆ. ಅದು ಏನನ್ನೂ ಕೇಳಲಿಲ್ಲ. ನಾನು ನಿನ್ನನ್ನು ದಾಟಿಬಿಟ್ಟಿದ್ದೆ. ಅದರ ಪಾಲಿಗೆ ಈಗ ಅತಿ ಮುಂದಿನ ಪುಟ ನನ್ನದು. ನೀನು ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕಿದೆ. ಎಲ್ಲ ಪುಟಗಳೂ ಒಂದೇ ಥರ ಕಂಡವು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ತಮ್ಮ ಬೀಗದ ಕೈ ಇಟ್ಟುಹೋಗಲು ಬಂದರು. ಬಾಗಿಲಲ್ಲೇ ನಿಂತು ನನ್ನ ಕಣ್ಣು ನೋಡಿದರು, ಕೈಯಲ್ಲಿದ್ದ ರೀಡರನ್ನೂ ನೋಡಿದರು.

"ಅಳು ಬರ್ಸೋ ಕತೆನಾ? ಹಾಗಿದ್ರೆ ಒಂದೇ ಸಲಕ್ಕೆ ಓದಿ ಮುಗಿಸಿಬಿಡಿ ಕಣ್ರೀ. ಮಧ್ಯದಲ್ಲಿ ಕೂತ್ಕೊಂಡ್ರೆ ಊಟಾನೂ ಸೇರಲ್ಲ."